ಗೊರಸಿನ ಬೇನೆ ಮತ್ತು ಜನಪದ ಅಶ್ವವೈದ್ಯ: ಸಂಗ್ರಹವಿಧಾನದ ಒಂದು ವಿಮರ್ಶೆ

ಪೀಠಿಕೆ

ಕನ್ನಡ ಜಾನಪದ ಅಧ್ಯಯನದಲ್ಲಿ ಜನಪದ ವೈದ್ಯವನ್ನು ಕುರಿತ ಸಂಗ್ರಹಕಾರ್ಯ ಗಣನೀಯ ಪ್ರಮಾಣದಲ್ಲಿ ನಡೆದಿದೆ. ಮನುಷ್ಯರ ಕಾಯಿಲೆಗಳಿಗೆ ಬಳಸುವ ಮದ್ದುಗಳ ಜೊತೆಗೆ ದನಕರುಗಳ ಮದ್ದುಗಳೂ ಈ ಸಂಗ್ರಹಗಳಲ್ಲಿ ಸ್ಥಾನ ಪಡೆದಿವೆ. ಎತ್ತು, ಹಸು, ಎಮ್ಮೆ, ಕುರಿಗಳಿಗೆ ದೊರೆತ ಗಮನ ಕುದುರೆಗೆ ದೊರೆತಿಲ್ಲವೆಂಬುದು ಮೇಲ್ನೋಟಕ್ಕೇ ತಿಳಿಯುವ ಸಂಗತಿ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕರ್ನಾಟಕದ ಬಹುಭಾಗದಲ್ಲಿ ಕುದುರೆ ಒಕ್ಕಲುತನದ ಪ್ರಾಣಿಯಲ್ಲ. ಅದು ಅರಮನೆಯ, ದಂಡಿನ, ದೇವಸ್ಥಾನದ, ಸಾರಿಗೆಯ ಪ್ರಾಣಿ. ಜಾನಪದ ಸಂಗ್ರಾಹಕರು ಹಳ್ಳಿಯ ಒಕ್ಕಲಿಗನನ್ನು ಮುಖ್ಯ ವಕ್ತೃವನ್ನಾಗಿ ಭಾವಿಸಿದ್ದರಿಂದ, ಪೇಟೆಯ ಟಾಂಗಾ ನಿಲ್ದಾಣವಾಗಲಿ, ರಸ್ತೆಯಂಚಿನ ಲಾಳದ ಅಂಗಡಿಯಾಗಲಿ, ಕುರಿಗಾಹಿಗಳ ಅಲೆಮಾರಿ ಬಿಡಾರವಾಗಲಿ ಕ್ಷೇತ್ರಕಾರ್ಯದ ಸ್ಥಳಗಳಾಗಿ ಅಷ್ಟಾಗಿ ಪರಿಗಣಿತವಾಗಲಿಲ್ಲ.

ಕುದುರೆಯ ವೈದ್ಯ ದಾಖಲಾದ ಕಡೆಗಳಲ್ಲಿಯೂ ಒಂದು ಸಮಸ್ಯೆ ಕಾಣುತ್ತದೆ. ಗೊರಸಿನ ಬೇನೆಗೆ ಸಂಬಂಧಿಸಿದ ನಮೂದುಗಳು ಸಾಮಾನ್ಯವಾಗಿ ಮೂರು ಅಂಶಗಳನ್ನು ಮಾತ್ರ ಒಳಗೊಂಡಿರುತ್ತವೆ: ಬೇನೆಯ ಹೆಸರು, ಮದ್ದಿನ ಹೆಸರು, ಮದ್ದನ್ನು ಅರೆದು ಹಚ್ಚುವ ಅಥವಾ ಕಟ್ಟುವ ಕ್ರಮ. ಬೇನೆಯನ್ನು ಹೇಗೆ ಗುರುತಿಸಲಾಯಿತು, ಗೊರಸಿನ ಯಾವ ಭಾಗದಲ್ಲಿ ಅದು ಇತ್ತು, ಮದ್ದು ಹಚ್ಚುವ ಮೊದಲು ಕೈ ಏನು ಮಾಡಿತು, ಪರಿಣಾಮ ಏನಾಯಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುವುದಿಲ್ಲ. ಗೊರಸಿನ ವಿಷಯದಲ್ಲಿ ಈ ಲೋಪ ಸಣ್ಣದಲ್ಲ. ಗೊರಸಿನ ಚಿಕಿತ್ಸೆಯಲ್ಲಿ ಮದ್ದಿಗಿಂತ ಪರೀಕ್ಷೆ ಮೊದಲು, ಲೇಪಕ್ಕಿಂತ ಕೈಕೆಲಸ ಮೊದಲು. ಮದ್ದನ್ನು ಮಾತ್ರ ಸಂಗ್ರಹಿಸಿ ಪರೀಕ್ಷೆಯನ್ನೂ ಕೈಕೆಲಸವನ್ನೂ ಬಿಟ್ಟರೆ ಸಂಗ್ರಹಗೊಂಡದ್ದು ವೈದ್ಯವಾಗದೆ ಅದರ ಹೊರ ಉಳಿಕೆಯಾಗುತ್ತದೆ. ಈ ನಿಲುವನ್ನು ಶಾಸ್ತ್ರಗ್ರಂಥಗಳ ಹಿನ್ನೆಲೆ, ಗೊರಸಿನ ರಚನೆ ಹಾಗೂ ಲಾಳದ ವೃತ್ತಿಯ ನೆಲೆಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರಪರಂಪರೆಯಲ್ಲಿ ಗೊರಸು

ಭಾರತೀಯ ಅಶ್ವಶಾಸ್ತ್ರ ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಪರಂಪರೆ. ಉತ್ತರ ಭಾರತದ ಭಾಷೆಗಳಲ್ಲಿ ಕುದುರೆಯ ವೈದ್ಯನನ್ನು ಸೂಚಿಸುವ ‘ಸಲೋತ್ರಿ’ ಎಂಬ ಪದ ಈ ಹೆಸರಿನಿಂದಲೇ ಬಂದದ್ದು. ಜಯದತ್ತ, ನಕುಲ ಮೊದಲಾದವರ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥಗಳು ಈ ಪರಂಪರೆಗೆ ಸೇರುತ್ತವೆ. ಕನ್ನಡದಲ್ಲಿಯೂ ಪಶುವೈದ್ಯ ಸಾಹಿತ್ಯಕ್ಕೆ ದೀರ್ಘ ಇತಿಹಾಸವಿದೆ. ಚಾಲುಕ್ಯ ರಾಜವಂಶದ ಕೀರ್ತಿವರ್ಮನ ಗೋವೈದ್ಯ, ಅಭಿನವಚಂದ್ರನ ಅಶ್ವವೈದ್ಯ, ಮೈಸೂರು ಒಡೆಯರ ಕಾಲದಲ್ಲಿ 17ನೆಯ ಶತಮಾನದಲ್ಲಿ ರಚಿತವಾದ ಪದ್ಮಣ ಪಂಡಿತನ ಹಯಸಾರಸಮುಚ್ಚಯ ಇವು ಈ ಸಾಹಿತ್ಯದ ಮುಖ್ಯ ಕೃತಿಗಳು. ಕಲಬುರಗಿಯನ್ನು ರಾಜಧಾನಿಯಾಗಿಸಿಕೊಂಡಿದ್ದ ಬಹಮನಿ ಅರಸರ ಆಶ್ರಯದಲ್ಲಿ 15ನೆಯ ಶತಮಾನದ ಆದಿಭಾಗದಲ್ಲಿ ಶಾಲಿಹೋತ್ರ ಪರಂಪರೆಯ ಗ್ರಂಥವೊಂದು ಪಾರಸಿಗೆ ಅನುವಾದಗೊಂಡಿತು. ಇದರಿಂದ ಈ ನೆಲದಲ್ಲಿ ಅಶ್ವವಿದ್ಯೆ ಸಂಸ್ಕೃತ, ಕನ್ನಡ, ಪಾರಸಿ ಮೂರೂ ಭಾಷೆಗಳಲ್ಲಿ ಚಲಾವಣೆಯಲ್ಲಿತ್ತೆಂಬುದು ತಿಳಿಯುತ್ತದೆ.

ಆದರೆ ಈ ಪರಂಪರೆಯನ್ನು ಹೊಗಳುವ ಭರದಲ್ಲಿ ಅದರ ಒತ್ತು ಎಲ್ಲಿದೆ ಎಂಬುದನ್ನು ಮರೆಯಬಾರದು. ಅಶ್ವಶಾಸ್ತ್ರಗಳ ಬಹುಭಾಗ ಲಕ್ಷಣವಿಚಾರಕ್ಕೆ ಮೀಸಲಾಗಿದೆ. ಕುದುರೆಯ ಬಣ್ಣ, ಸುಳಿ, ದನಿ, ಗತಿ, ಶುಭಾಶುಭ ಚಿಹ್ನೆ ಇವುಗಳ ವಿವರಣೆ ಅಲ್ಲಿ ವಿಸ್ತಾರವಾಗಿ ಬರುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯ ಅಶ್ವಲಕ್ಷಣ ಅಧ್ಯಾಯ ಇದಕ್ಕೆ ಉತ್ತಮ ನಿದರ್ಶನ. ಒಳ್ಳೆಯ ಕುದುರೆಯ ಅಂಗಗಳನ್ನು ಎಣಿಸುವ ಶ್ಲೋಕದಲ್ಲಿ ಒಳ್ಳೆಯ ಗೊರಸಿನ ಪ್ರಸ್ತಾಪ ಸಮಾಸವೊಂದರ ಭಾಗವಾಗಿ ಬಂದು ಹೋಗುತ್ತದೆ. ಅದರ ಬೆನ್ನಿಗೇ ಸುಳಿಗಳು ದೇಹದ ಯಾವ ಯಾವ ಸ್ಥಾನದಲ್ಲಿದ್ದರೆ ಅಶುಭ, ಯಾವ ಸ್ಥಾನದಲ್ಲಿದ್ದರೆ ಶುಭ ಎಂಬ ಎಣಿಕೆ ಆರಂಭವಾಗುತ್ತದೆ. ದನದ ಸಂತೆಯಲ್ಲಿ ಎತ್ತಿನ ಸುಳಿ ನೋಡುವ ಜನಪದ ರೂಢಿಗೂ ಈ ಶಾಸ್ತ್ರಕ್ಕೂ ನಿಕಟವಾದ ಸಂಬಂಧವಿದೆ. ಸುಳಿ ಕೊಳ್ಳುವವನ ಭಯಕ್ಕೆ ಸಂಬಂಧಿಸಿದ್ದು, ಗೊರಸು ಪ್ರಾಣಿಯ ನಡಿಗೆಗೆ ಸಂಬಂಧಿಸಿದ್ದು. ಜಾನಪದ ಸಂಗ್ರಹಗಳೂ ಸುಳಿಯ ನಂಬಿಕೆಗಳನ್ನು ಉತ್ಸಾಹದಿಂದ ದಾಖಲಿಸಿ ಗೊರಸಿನ ಪರೀಕ್ಷೆಯನ್ನು ಕಡೆಗಣಿಸಿರುವುದು ಶಾಸ್ತ್ರದ ಈ ಒತ್ತಿನ ಮುಂದುವರಿಕೆಯೇ ಆಗಿದೆ.

ಇದಕ್ಕೆ ಭಿನ್ನವಾದ ದೃಷ್ಟಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಹಸ್ತಪ್ರತಿಯ ಆಧಾರದಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದರೆಂಬುದು ಸುವಿದಿತ. ಅದರ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಲಾಯದ ರಚನೆಯ ವಿವರಗಳಿವೆ. ಪ್ರತಿಯೊಂದು ಕುದುರೆಗೂ ಅದರ ಉದ್ದಕ್ಕೆ ತಕ್ಕ ಚೌಕನೆಯ ಸ್ಥಳ, ನುಣುಪಾದ ಹಲಗೆ ಹಾಸಿದ ನೆಲ, ಮೂತ್ರ ಮತ್ತು ಲದ್ದಿ ಹೊರಹೋಗುವ ಏರ್ಪಾಡು ಇರಬೇಕೆಂದು ಅಲ್ಲಿ ವಿಧಿಸಲಾಗಿದೆ. ಚಿಕಿತ್ಸೆಯ ಅಥವಾ ಔಷಧದ ದೋಷದಿಂದ ವ್ಯಾಧಿ ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ, ಆ ತಪ್ಪಿನಿಂದ ಪ್ರಾಣಿಗೆ ಕೇಡಾದರೆ ಪ್ರಾಣಿಯ ಬೆಲೆಯಷ್ಟೇ ದಂಡ ಎಂಬ ನಿಯಮವೂ ಅಲ್ಲಿದೆ. ಈ ಎರಡು ವಿಧಿಗಳೂ ಗೊರಸಿನ ಬೇನೆಯ ಚರ್ಚೆಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು ಬೇನೆಯ ತಡೆಗೆ, ಎರಡನೆಯದು ಚಿಕಿತ್ಸಕನ ಹೊಣೆಗೆ ಸಂಬಂಧಿಸಿದೆ. ಜನಪದ ವೈದ್ಯದ ಸಂಗ್ರಹಗಳಲ್ಲಿ ಕೊರತೆಯಾಗಿರುವುದೂ ಇವೆರಡೇ.

ಒಂದೇ ಪದ, ಎರಡು ಪಾದ

ಕನ್ನಡದಲ್ಲಿ ‘ಗೊರಸು’ ಎಂಬ ಪದ ದನಕ್ಕೂ ಕುದುರೆಗೂ ಸಮಾನವಾಗಿ ಅನ್ವಯವಾಗುತ್ತದೆ. ‘ಖುರ’, ‘ಖುರಪುಟ’ ಎಂಬ ಸಂಸ್ಕೃತ ರೂಪಗಳ ಬಳಕೆಯೂ ಹಾಗೆಯೇ ಇದೆ. ಪದ ಒಂದೇ ಆದರೂ ಪಾದಗಳು ಬೇರೆ. ದನ, ಎಮ್ಮೆ, ಕುರಿ, ಆಡುಗಳದು ಸೀಳು ಗೊರಸು. ಕುದುರೆ, ಕತ್ತೆ, ಹೇಸರಗತ್ತೆಗಳದು ಇಡೀ ಗೊರಸು. ಈ ವ್ಯತ್ಯಾಸ ರೋಗದ ಸ್ವರೂಪವನ್ನೇ ಬದಲಿಸುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ ಗೊರಸಿನ ಹುಣ್ಣೆಂದರೆ ಮೊದಲು ನೆನಪಾಗುವುದು ಕಾಲುಬಾಯಿ ಜ್ವರ. ಗೊರಸಿನ ಸೀಳಿನಲ್ಲಿ ಹುಣ್ಣು, ಬಾಯಿಯಲ್ಲಿ ಗುಳ್ಳೆ, ಜೊಲ್ಲು ಇವು ಅದರ ಗುರುತುಗಳು. ಈ ಸಾಂಕ್ರಾಮಿಕ ರೋಗ ಸೀಳು ಗೊರಸಿನ ಪ್ರಾಣಿಗಳಿಗೆ ಬರುತ್ತದೆ, ಕುದುರೆಗೆ ಬರುವುದಿಲ್ಲ. ಹೀಗಿರುವಾಗ ‘ಗೊರಸಿನ ಹುಣ್ಣಿಗೆ’ ಎಂಬ ಶೀರ್ಷಿಕೆಯಡಿ ಪ್ರಾಣಿಯನ್ನು ಹೆಸರಿಸದೆ ಮದ್ದನ್ನು ನಮೂದಿಸಿದರೆ ಆ ನಮೂದು ಯಾವ ಪ್ರಾಣಿಗೆ, ಯಾವ ಬೇನೆಗೆ ಸೇರಿದ್ದೆಂದು ನಿರ್ಧರಿಸಲು ಸಾಧ್ಯವಾಗುವುದಿಲ್ಲ. ದನದ ಗೊರಸಿನ ಸೀಳಿಗೆ ಹಚ್ಚುವ ಬೇವಿನ ಎಣ್ಣೆ, ಅರಿಶಿನದ ಲೇಪ ಅಲ್ಲಿನ ತೆರೆದ ಹುಣ್ಣನ್ನು ನೇರವಾಗಿ ಮುಟ್ಟುತ್ತದೆ. ಕುದುರೆಯ ಗೊರಸಿನ ಒಳಗಿನ ಕೀವಿಗೆ ಅದೇ ಲೇಪವನ್ನು ಹೊರಗಿನಿಂದ ಹಚ್ಚಿದರೆ ಅದು ಬೇನೆಯ ಜಾಗವನ್ನು ತಲುಪುವುದೇ ಇಲ್ಲ. ಮದ್ದು ಒಂದೇ, ಪದ ಒಂದೇ, ಫಲಿತಾಂಶ ಮಾತ್ರ ಬೇರೆ. ಜನಪದ ವರ್ಗೀಕರಣವನ್ನು ದಾಖಲಿಸುವುದು ಸಂಗ್ರಾಹಕನ ಕರ್ತವ್ಯ ನಿಜ. ಆದರೆ ವಕ್ತೃವಿನ ಮನಸ್ಸಿನಲ್ಲಿ ಸ್ಪಷ್ಟವಾಗಿದ್ದ ಭೇದವನ್ನು ಬರಹದಲ್ಲಿ ಅಳಿಸಿಹಾಕಿದರೆ ಅದನ್ನು ಜನಪದ ವರ್ಗೀಕರಣವೆನ್ನಲಾಗದು, ಅದು ಸಂಗ್ರಹದ ದೋಷ.

‘ಕುಂಟು’ ಎಂಬ ಪದದ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಕುಂಟು ಬೇನೆಯ ಹೆಸರಲ್ಲ, ಬೇನೆಯ ಗುರುತು. ಕೀಲಿನ ಊತ, ಸ್ನಾಯುವಿನ ಎಳೆತ, ಗೊರಸಿನ ಕೀವು, ಲಾಳದ ಮೊಳೆಯ ಒತ್ತು ಇವೆಲ್ಲವುಗಳಿಂದಲೂ ಕುದುರೆ ಕುಂಟುತ್ತದೆ. ‘ಕುದುರೆಯ ಕುಂಟಿಗೆ ಮದ್ದು’ ಎಂಬ ನಮೂದಿನಿಂದ ತಿಳಿಯುವುದು ಅತ್ಯಲ್ಪ.

ಗೊರಸಿನ ರಚನೆ ಮತ್ತು ಬೇನೆಯ ಬಗೆಗಳು

ಈ ವಿಮರ್ಶೆಗೆ ಗೊರಸಿನ ರಚನೆಯ ಕನಿಷ್ಠ ಪರಿಚಯ ಅಗತ್ಯ. ಕುದುರೆಯ ಗೊರಸಿನ ಹೊರಗೋಡೆ ಕೊಂಬಿನಂತಹ ಗಟ್ಟಿ ವಸ್ತುವಿನಿಂದಾದುದು. ಅದರಲ್ಲಿ ನೋವಿನ ಅರಿವಿಲ್ಲ. ಗೋಡೆ ಮೇಲಿನ ರೋಮದಂಚಿನಿಂದ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರಿನಷ್ಟು ಕೆಳಮುಖವಾಗಿ ಬೆಳೆಯುತ್ತದೆ. ಮುಂಭಾಗದಲ್ಲಿ ಅದು ಪೂರ್ತಿಯಾಗಿ ಹೊಸದಾಗಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು. ಗೊರಸಿನ ಅಡಿಯಲ್ಲಿ ಅಂಗಾಲಿನ ಫಲಕವೂ, ಹಿಮ್ಮಡಿಯಿಂದ ತುದಿಯತ್ತ ಚಾಚಿದ ತ್ರಿಕೋನಾಕಾರದ ಮೆತ್ತೆಯೂ, ಗೋಡೆ ಮತ್ತು ಅಂಗಾಲು ಕೂಡುವ ಕಡೆ ಒಂದು ಬಿಳಿ ಗೆರೆಯೂ ಇರುತ್ತವೆ. ಗಟ್ಟಿ ಚಿಪ್ಪಿನ ಒಳಗೆ ರಕ್ತನಾಳ, ನರ, ಮೂಳೆಗಳಿರುವ ಸೂಕ್ಷ್ಮ ಭಾಗವಿದೆ. ಬೇರೆ ಅಂಗಗಳಲ್ಲಿ ಬಾವು ಬಂದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಗೊರಸಿನ ಚಿಪ್ಪು ಹಿಗ್ಗುವುದಿಲ್ಲ. ಗೊರಸಿನ ಬೇನೆಯ ವಿಶೇಷ ಇದರಲ್ಲಿಯೇ ಅಡಗಿದೆ.

ಬಿಳಿ ಗೆರೆಯ ಬಿರುಕಿನಿಂದಲೋ, ಚುಚ್ಚಿದ ಮುಳ್ಳು ಅಥವಾ ಮೊಳೆಯ ರಂಧ್ರದಿಂದಲೋ ರೋಗಾಣುಗಳು ಒಳಸೇರಿದರೆ ಚಿಪ್ಪಿನ ಒಳಗೆ ಕೀವು ಕಟ್ಟುತ್ತದೆ. ಕೀವಿಗೆ ಹೊರದಾರಿಯಿಲ್ಲದೆ ಒತ್ತಡ ಹೆಚ್ಚುತ್ತದೆ. ಹಿಂದಿನ ದಿನ ಚೆನ್ನಾಗಿದ್ದ ಕುದುರೆ ಮರುದಿನ ಬೆಳಿಗ್ಗೆ ಆ ಕಾಲನ್ನು ನೆಲಕ್ಕೆ ಊರಲಾರದೆ ನಿಲ್ಲುವುದುಂಟು. ಕಾಲು ಮುರಿದಿದೆಯೆಂಬ ಭ್ರಮೆಯೂ ನೋಡುವವರಿಗೆ ಉಂಟಾಗುತ್ತದೆ. ಗೊರಸು ಬಿಸಿಯಾಗಿರುವುದು, ಗೊರಸಿನ ಮೇಲ್ಭಾಗದ ನಾಡಿ ಜೋರಾಗಿ ಬಡಿಯುವುದು, ನಿರ್ದಿಷ್ಟ ಸ್ಥಳದಲ್ಲಿ ಒತ್ತಿದಾಗ ಕುದುರೆ ಕಾಲು ಸೆಳೆದುಕೊಳ್ಳುವುದು ಇದರ ಗುರುತುಗಳು. ಅಡಿಯಿಂದ ದಾರಿ ಮಾಡಿಕೊಟ್ಟರೆ ಕೀವು ಇಳಿದು ನೋವು ಬೇಗ ಶಮನವಾಗುತ್ತದೆ. ದಾರಿ ಸಿಗದಿದ್ದರೆ ಅದು ಮೃದುವಾದ ಜಾಗವನ್ನು ಹುಡುಕುತ್ತ ಮೇಲೇರಿ ರೋಮದಂಚಿನಲ್ಲಿ ಒಡೆಯುತ್ತದೆ.

ಎರಡನೆಯ ಬಗೆ ಆಳವಾದ ಚುಚ್ಚುಗಾಯ. ಮೊಳೆ ತ್ರಿಕೋನದ ಮೆತ್ತೆಯ ಮಧ್ಯಭಾಗದಲ್ಲಿ ಆಳವಾಗಿ ಇಳಿದರೆ ಸ್ನಾಯುರಜ್ಜುವಿಗೂ ಕೀಲಿಗೂ ಸೋಂಕು ತಗಲಬಹುದು. ಅದು ಕುದುರೆಯ ಜೀವಕ್ಕೇ ಅಪಾಯ. ಮೂರನೆಯ ಬಗೆ ಥ್ರಶ್ ಎಂದು ಪಶುವೈದ್ಯರು ಕರೆಯುವ ಕೊಳೆತ. ಒದ್ದೆಯಾದ, ಲದ್ದಿ ತೆಗೆಯದ ಲಾಯದಲ್ಲಿ ನಿಲ್ಲುವ ಕುದುರೆಗಳಿಗೆ ಮೆತ್ತೆಯ ಪಕ್ಕದ ಸಂದುಗಳಲ್ಲಿ ಕಪ್ಪಾದ, ದುರ್ವಾಸನೆಯ ಸ್ರಾವ ಕಾಣಿಸಿಕೊಳ್ಳುತ್ತದೆ. ಹಲಗೆ ಹಾಸಿದ ನೆಲ, ಮೂತ್ರ ಹರಿದುಹೋಗುವ ಏರ್ಪಾಡು ಎಂಬ ಅರ್ಥಶಾಸ್ತ್ರದ ವಿಧಿಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ನಾಲ್ಕನೆಯದು ಲ್ಯಾಮಿನೈಟಿಸ್, ಅಂದರೆ ಗೋಡೆಯನ್ನು ಮೂಳೆಗೆ ಬಂಧಿಸಿರುವ ಪದರಗಳ ಉರಿಯೂತ. ಅತಿಯಾಗಿ ಕಾಳು ತಿಂದದ್ದು ಅದರ ಕಾರಣಗಳಲ್ಲೊಂದು. ಹೆಚ್ಚಾಗಿ ಎರಡೂ ಮುಂಗಾಲುಗಳಲ್ಲಿ ಒಟ್ಟಿಗೆ ನೋವು ಕಾಣಿಸಿ, ಕುದುರೆ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ.

ಈ ನಾಲ್ಕೂ ಬೇನೆಗಳಲ್ಲಿ ಕುದುರೆ ಕುಂಟಬಹುದು. ಆದರೆ ಚಿಕಿತ್ಸೆ ನಾಲ್ಕು ಬಗೆ. ಕೀವಿಗೆ ದಾರಿ ಬೇಕು, ಆಳವಾದ ಗಾಯಕ್ಕೆ ತಡಮಾಡದೆ ಪಶುವೈದ್ಯರ ನೆರವು ಬೇಕು, ಕೊಳೆತಕ್ಕೆ ಒಣನೆಲ ಬೇಕು, ಉರಿಯೂತಕ್ಕೆ ಆಹಾರದ ನಿಯಂತ್ರಣವೂ ವಿಶ್ರಾಂತಿಯೂ ತಕ್ಷಣದ ವೈದ್ಯಕೀಯ ಆರೈಕೆಯೂ ಬೇಕು. ಇವುಗಳನ್ನು ಬೇರ್ಪಡಿಸದ ದಾಖಲೆ ಓದುಗನನ್ನು ತಪ್ಪುದಾರಿಗೆ ಎಳೆಯುತ್ತದೆ.

ಲಾಳ ಮತ್ತು ನಾಲಬಂದರ ಜ್ಞಾನ

ಮೇಲಿನ ಭೇದಗಳನ್ನು ಪುಸ್ತಕದಿಂದಲ್ಲದೆ ಕೈಯಿಂದ ಬಲ್ಲವರು ಲಾಳ ಕಟ್ಟುವವರು. ಅರಬ್ಬಿ ಮೂಲದ ‘ನಾಲ’ ಎಂಬ ಪದ ಪಾರಸಿಯ ಮೂಲಕ ಭಾರತೀಯ ಭಾಷೆಗಳಿಗೆ ಬಂದಿತು. ಕನ್ನಡದ ‘ಲಾಳ’ ಅದರ ವ್ಯತ್ಯಸ್ತ ರೂಪವೆಂದು ವಿವರಿಸಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಈ ವೃತ್ತಿಯವರಿಗೆ ನಾಲಬಂದ ಎಂಬ ಹೆಸರು ರೂಢಿಯಲ್ಲಿದ್ದು, ಅದು ಮನೆತನದ ಹೆಸರಾಗಿಯೂ ಉಳಿದುಬಂದಿದೆ. ಶಾಸ್ತ್ರಗ್ರಂಥಗಳ ಪದಕೋಶ ಸಂಸ್ಕೃತದ್ದಾದರೆ ವೃತ್ತಿಯ ಪದಕೋಶ ಪಾರಸಿ ಮೂಲದ್ದು. ಈ ಎರಡು ಪದಕೋಶಗಳು ಒಂದನ್ನೊಂದು ಸಂಧಿಸಿದ ಕಡೆ ಕಡಿಮೆ. ಅಶ್ವಶಾಸ್ತ್ರದ ಸಂಪಾದಕರು ನಾಲಬಂದರನ್ನು ಕೇಳಲಿಲ್ಲ. ನಾಲಬಂದರ ಬಳಿಗೆ ಹೋದ ಕೆಲವರು ಲಾಳದ ನಂಬಿಕೆಗಳನ್ನು ಕೇಳಿ ಬರೆದುಕೊಂಡರೇ ಹೊರತು ಗೊರಸಿನ ವಿದ್ಯೆಯನ್ನು ಕೇಳಲಿಲ್ಲ.

ಇತಿಹಾಸದಲ್ಲಿಯೂ ಈ ವೃತ್ತಿಯ ಮಹತ್ವಕ್ಕೆ ಆಧಾರಗಳಿವೆ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ವರ್ಣಿಸಿದ ಮಾರ್ಕೊ ಪೋಲೊ, ಕಡಲಾಚೆಯಿಂದ ಬಂದ ಕುದುರೆಗಳು ಅಲ್ಲಿ ಬಹುಬೇಗ ಸಾಯುತ್ತಿದ್ದವೆಂದೂ, ಕುದುರೆಯ ಆರೈಕೆ ಬಲ್ಲ ಲಾಳಗಾರರು ಅಲ್ಲಿರಲಿಲ್ಲವೆಂದೂ, ಕುದುರೆಗಳ ಬೇಡಿಕೆ ಕುಗ್ಗದಿರಲೆಂದು ವರ್ತಕರು ಅಂಥವರನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವೆಂದೂ ಹೇಳುತ್ತಾನೆ. ಈ ಹೇಳಿಕೆಯಲ್ಲಿ ಪ್ರವಾಸಿಯ ಅತಿಶಯೋಕ್ತಿ ಇರಬಹುದು. ಆದರೂ ಅದು ಒಂದು ಪ್ರಶ್ನೆಯನ್ನು ಎತ್ತುತ್ತದೆ. ಶಾಲಿಹೋತ್ರ ಪರಂಪರೆ ಅಷ್ಟು ಹಿಂದಿನಿಂದಲೂ ಇದ್ದ ದೇಶದಲ್ಲಿ ಕುದುರೆಯ ಆರೈಕೆ ಬಲ್ಲವರಿಲ್ಲವೆಂದು ಹೊರಗಿನವನಿಗೆ ಕಂಡದ್ದೇಕೆ? ಶಾಸ್ತ್ರ ಇರುವುದು ಬೇರೆ, ಲಾಯದಲ್ಲಿ ಕೈ ಇರುವುದು ಬೇರೆ ಎಂಬುದು ಇದಕ್ಕೆ ಸಾಧ್ಯವಿರುವ ಒಂದು ಉತ್ತರ. ವಿಜಯನಗರದ ಅರಸರು ಕುದುರೆಗಳಿಗಾಗಿ ಅಪಾರ ಹಣ ವೆಚ್ಚ ಮಾಡಿದ ಸಂಗತಿ ನೂನಿಜ್ ಮೊದಲಾದ ಪೋರ್ಚುಗೀಸರ ಬರಹಗಳಿಂದ ತಿಳಿದುಬರುತ್ತದೆ. ಸಾಗಣೆಯಲ್ಲಿ ಸತ್ತ ಕುದುರೆಗಳಿಗೂ, ಬಾಲವನ್ನು ತಂದು ತೋರಿಸಿದರೆ, ಅರಸ ಬೆಲೆ ಕೊಡುತ್ತಿದ್ದನೆಂದು ನೂನಿಜ್ ಬರೆಯುತ್ತಾನೆ. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲುಸಾಲಾಗಿ ಕೆತ್ತಿದ ಕುದುರೆಗಳನ್ನೂ ಅವುಗಳ ಜೊತೆ ನಡೆಯುವ ಆಳುಗಳನ್ನೂ ಇಂದಿಗೂ ಕಾಣಬಹುದು. ಕುದುರೆಯ ಬೆಲೆ ದಾಖಲಾಯಿತು, ಬಾಲದ ಲೆಕ್ಕವೂ ದಾಖಲಾಯಿತು. ಗೊರಸು ನೋಡಿಕೊಂಡವರ ಅರಿವು ಮಾತ್ರ ದಾಖಲೆಯ ಹೊರಗೆ ಉಳಿಯಿತು.

ಈ ಅರಿವಿನ ಸ್ವರೂಪವೇನು? ಎತ್ತಿಗೆ ಲಾಳ ಕಟ್ಟುವಾಗ ಅದನ್ನು ಹಗ್ಗ ಹಾಕಿ ನೆಲಕ್ಕೆ ಕೆಡವುತ್ತಾರೆ. ಗೊರಸು ಸೀಳಾಗಿರುವುದರಿಂದ ಒಂದು ಕಾಲಿಗೆ ಎರಡು ತುಂಡು ಲಾಳ ಬೇಕಾಗುತ್ತದೆ. ಕುದುರೆಯನ್ನು ನಿಲ್ಲಿಸಿಯೇ ಕಾಲೆತ್ತಿ ಹಿಡಿದು ಇಡಿಯಾದ ಲಾಳವನ್ನು ಹೊಡೆಯುತ್ತಾರೆ. ಅಂದರೆ ನಾಲಬಂದನು ಎಚ್ಚರವಿರುವ, ಭಾರ ಹೊತ್ತಿರುವ, ನೋವಾದರೆ ಒದೆಯಬಲ್ಲ ಪ್ರಾಣಿಯೊಡನೆ ಕೆಲಸ ಮಾಡುತ್ತಾನೆ. ಹಳೆಯ ಲಾಳ ಕಳಚಿ, ಬೆಳೆದ ಗೊರಸನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮಮಾಡಿ, ಹೊಸ ಲಾಳವನ್ನು ಅಳತೆಗೆ ಬಗ್ಗಿಸಿ, ಮೊಳೆ ಹೊಡೆದು, ಹೊರಬಂದ ತುದಿಯನ್ನು ಮುರಿದು ಮಡಿಸುವುದು ಕೆಲಸದ ಕ್ರಮ. ಸಾಮಾನ್ಯವಾಗಿ 6ರಿಂದ 8 ವಾರಗಳಿಗೊಮ್ಮೆ ಇದು ನಡೆಯಬೇಕು. ಮೊಳೆ ಬಿಳಿ ಗೆರೆಯ ಹೊರಗೆ ಹೊಕ್ಕು ಗೋಡೆಯಲ್ಲಿಯೇ ಸಾಗಿ ಹೊರಬರಬೇಕು. ಅದಕ್ಕಾಗಿಯೇ ಮೊಳೆಯ ತುದಿಯನ್ನು ಒಂದು ಬದಿಗೆ ಓರೆ ಮಾಡಿರುತ್ತಾರೆ. ಓರೆಯ ಬದಿ ತಪ್ಪಿದರೆ ಮೊಳೆ ಒಳಕ್ಕೆ ತಿರುಗುತ್ತದೆ. ಗಟ್ಟಿ ಗೋಡೆಯಲ್ಲಿ ಸಾಗುವ ಮೊಳೆಗೆ ಬೀಳುವ ಸುತ್ತಿಗೆಯ ಸದ್ದು ಒಂದು ಬಗೆ, ಮೃದುಭಾಗದತ್ತ ಹೋಗುವ ಮೊಳೆಯ ಸದ್ದು ಮತ್ತೊಂದು ಬಗೆ. ಅನುಭವಿಯ ಕಿವಿ ಈ ಭೇದವನ್ನು ತಿಳಿಯುತ್ತದೆ. ಕುದುರೆ ಕುಂಟುತ್ತ ಬಂದರೆ ಆತ ಮೊದಲು ಅಂಗೈಯಿಂದ ಗೊರಸಿನ ಬಿಸಿ ನೋಡುತ್ತಾನೆ, ಮೊಳೆಗಳನ್ನು ಒಂದೊಂದಾಗಿ ತಟ್ಟುತ್ತಾನೆ, ಇಕ್ಕಳದಿಂದ ಅಂಚನ್ನು ಒತ್ತುತ್ತಾನೆ. ಯಾವ ಮೊಳೆಯ ಬಳಿ ಕುದುರೆ ಬೆಚ್ಚಿತೋ ಅಲ್ಲಿ ಕೀವಿನ ದಾರಿ ಹುಡುಕಲಾಗುತ್ತದೆ.

ಈ ಪರೀಕ್ಷಾಕ್ರಮ ಮಾತಿನ ರೂಪದಲ್ಲಿಲ್ಲ. ಕೇಳಿದರೆ ‘ನೋಡಿದರೆ ಗೊತ್ತಾಗುತ್ತದೆ’ ಎಂಬಷ್ಟೇ ಉತ್ತರ ಬರಬಹುದು. ಸಂಗ್ರಾಹಕನು ಪ್ರಶ್ನಾವಳಿಯನ್ನೇ ನಂಬಿದರೆ ಅಲ್ಲಿ ಜ್ಞಾನವಿಲ್ಲವೆಂದು ಭಾವಿಸುವ ಅಪಾಯವಿದೆ. ಸೊಪ್ಪಿನ ಹೆಸರು ಹೇಳಬಲ್ಲವನು ನಾಟಿವೈದ್ಯನಾಗಿ ದಾಖಲಾಗುತ್ತಾನೆ. ಕೈಯಿಂದ ಕೀವಿನ ಜಾಗ ಹುಡುಕಬಲ್ಲವನು ಕೇವಲ ಕಸುಬುದಾರನಾಗಿ ಉಳಿಯುತ್ತಾನೆ. ಮಾರ್ಕೊ ಪೋಲೊನ ಕಾಲದ ಯುರೋಪಿನಲ್ಲಿ ಲಾಳ ಹೊಡೆಯುವವನಿಗೂ ಕುದುರೆಯ ವೈದ್ಯನಿಗೂ ಒಂದೇ ಹೆಸರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ವೈದ್ಯವನ್ನೂ ಕಸುಬನ್ನೂ ಬೇರ್ಪಡಿಸಿದ್ದು ವಕ್ತೃಗಳಲ್ಲ, ಅಧ್ಯಯನದ ಅಧ್ಯಾಯ ವಿಂಗಡಣೆ. ‘ಜನಪದ ವೈದ್ಯ’ ಒಂದು ಅಧ್ಯಾಯಕ್ಕೆ, ‘ಜನಪದ ವೃತ್ತಿಗಳು’ ಇನ್ನೊಂದಕ್ಕೆ ಸೇರಿದ ಕಾರಣ ನಾಲಬಂದನ ವಿದ್ಯೆ ಎರಡರಲ್ಲಿಯೂ ಅರ್ಧರ್ಧವಾಯಿತು.

ನಂಬಿಕೆಯ ಲಾಳ

ಲಾಳಕ್ಕೆ ಸಂಬಂಧಿಸಿದ ನಂಬಿಕೆಗಳು ಮಾತ್ರ ಹೇರಳವಾಗಿ ದೊರೆಯುತ್ತವೆ. ಮನೆಯ, ಅಂಗಡಿಯ ಹೊಸ್ತಿಲಿಗೆ ಸವೆದ ಲಾಳವನ್ನು ಹೊಡೆಯುವುದು, ಶನಿಕಾಟದ ಪರಿಹಾರಕ್ಕೆ ಲಾಳದ ಕಬ್ಬಿಣದಿಂದ ಉಂಗುರ ಮಾಡಿಸಿ ತೊಡುವುದು, ಮೊಹರಮ್ ಆಚರಣೆಯಲ್ಲಿ ಲಾಳದ ಆಕೃತಿಯನ್ನು ಪೂಜ್ಯವಾಗಿ ಕಾಣುವುದು ಇವು ಸಾಮಾನ್ಯ. ಬಂಡೆಯ ಮೇಲಿನ ಗುಳಿಗಳನ್ನು ದೇವರ ಅಥವಾ ಪಾಳೆಯಗಾರನ ಕುದುರೆಯ ಹೆಜ್ಜೆಗಳೆಂದು ತೋರಿಸುವ ಸ್ಥಳಐತಿಹ್ಯಗಳೂ ನಾಡಿನ ಹಲವೆಡೆ ಪ್ರಚಲಿತವಾಗಿವೆ. ಐತಿಹ್ಯದ ಕುದುರೆಯ ಗೊರಸು ಕಲ್ಲನ್ನೇ ಅಚ್ಚೊತ್ತುವಷ್ಟು ಬಲವಾದದ್ದು. ವಾಸ್ತವದ ಕುದುರೆಯ ಗೊರಸನ್ನು ಸಣ್ಣ ಹರಳೊಂದು ಕೆಡಿಸಬಲ್ಲದು. ಜಾನಪದ ಅಧ್ಯಯನ ಮೊದಲನೆಯದಕ್ಕೆ ಕೊಟ್ಟಷ್ಟು ಗಮನವನ್ನು ಎರಡನೆಯದಕ್ಕೆ ಕೊಟ್ಟಿಲ್ಲ. ನಂಬಿಕೆಗಳ ಅಧ್ಯಯನ ಅನಗತ್ಯವೆಂಬುದು ಇದರ ಅರ್ಥವಲ್ಲ. ಹೊಸ್ತಿಲಿನ ಲಾಳಕ್ಕೆ ಮಂಗಳದ ಅರ್ಥ ಬಂದದ್ದು ಲಾಯದಲ್ಲಿ ಅದು ಮಾಡಿದ ಕೆಲಸದಿಂದಲೂ ಇರಬಹುದು. ಆ ಕೆಲಸವನ್ನು ತಿಳಿಯದೆ ಅರ್ಥವನ್ನು ಮಾತ್ರ ವಿವರಿಸಿದರೆ ವಿವರಣೆ ಅಪೂರ್ಣವಾಗುತ್ತದೆ.

ಮದ್ದುಗಳ ಮೌಲ್ಯಮಾಪನ

ಜನಪದ ಪಶುವೈದ್ಯದ ಬಗ್ಗೆ ಎರಡು ಅತಿರೇಕದ ನಿಲುವುಗಳಿವೆ. ಎಲ್ಲವೂ ಮೂಢನಂಬಿಕೆಯೆಂಬುದು ಒಂದು, ಎಲ್ಲವೂ ಪೂರ್ವಜರ ವಿಜ್ಞಾನವೆಂಬುದು ಇನ್ನೊಂದು. ಗೊರಸಿನ ಬೇನೆಯ ಮದ್ದುಗಳು ಈ ಎರಡೂ ನಿಲುವುಗಳನ್ನು ಸಮರ್ಥಿಸುವುದಿಲ್ಲ.

ಬಿಸಿನೀರು, ಉಪ್ಪು, ಅಗಸೆ ಹಿಟ್ಟು ಅಥವಾ ತವುಡಿನ ಬಿಸಿ ಪಟ್ಟು ಇವು ಗೊರಸಿನ ಕೊಂಬನ್ನು ಮೆದುಗೊಳಿಸಿ ಕೀವು ಇಳಿಯಲು ನೆರವಾಗುತ್ತವೆ. ಆಧುನಿಕ ಪಶುವೈದ್ಯದಲ್ಲಿಯೂ ಕೀವಿಗೆ ದಾರಿ ಮಾಡಿದ ಮೇಲೆ ಬಿಸಿ ಪಟ್ಟು ಕಟ್ಟುವುದು ಒಪ್ಪಿತವಾದ ಕ್ರಮ. ಕೊಳೆತದ ಸಂದುಗಳನ್ನು ಶುಚಿಮಾಡಿ ಮೈಲುತುತ್ತದ ದ್ರಾವಣ ಬಳಸುವುದಕ್ಕೂ ಆಧಾರವಿದೆ. ಆದರೆ ಅದರ ಗಾಢತೆ ಹೆಚ್ಚಾದರೆ ಜೀವಂತ ಭಾಗ ಸುಡುತ್ತದೆ. ‘ಮೈಲುತುತ್ತ ಹಚ್ಚುವುದು’ ಎಂದಷ್ಟೇ ಬರೆದು ಪ್ರಮಾಣವನ್ನು ಬರೆಯದ ನಮೂದು ಈ ಕಾರಣಕ್ಕಾಗಿಯೇ ಅಪಾಯಕಾರಿ. ಬೇವಿನ ಎಣ್ಣೆ, ಅರಿಶಿನಗಳನ್ನು ಹೊರಗಾಯಕ್ಕೆ ಹಚ್ಚುವ ರೂಢಿಯಿಂದ ಕೆಡುಕು ಕಡಿಮೆ. ಆದರೆ ಚಿಪ್ಪಿನ ಒಳಗಿನ ಕೀವಿಗೆ ಅವು ಚಿಕಿತ್ಸೆಯಾಗಲಾರವು.

ಇದಕ್ಕೆ ವ್ಯತಿರಿಕ್ತವಾಗಿ ಚುಚ್ಚಿದ ರಂಧ್ರಕ್ಕೆ ಕಾಯಿಸಿದ ಎಣ್ಣೆ ಹೊಯ್ಯುವುದು, ಕೀವು ಇಳಿಯುವ ಮೊದಲೇ ಡಾಂಬರಿನಿಂದಲೋ ಮೇಣದಿಂದಲೋ ಬಾಯಿ ಮುಚ್ಚುವುದು, ಕುಂಟುವ ಕಾಲಿಗೆ ಬರೆ ಹಾಕುವುದು ಇವು ಪ್ರಾಣಿಗೆ ಹಿಂಸೆಯನ್ನುಂಟುಮಾಡುವ, ಬೇನೆಯನ್ನು ಉಲ್ಬಣಗೊಳಿಸುವ ಕ್ರಮಗಳು. ಡಾಂಬರು ಮಾಗಿದ ಗೊರಸಿಗೆ ನೀರು ತಾಗದಂತೆ ಕಾಪಾಡಬಹುದು. ಅದೇ ಡಾಂಬರು ಹಸಿ ಕೀವಿನ ಮೇಲೆ ಮುಚ್ಚಳವಾಗುತ್ತದೆ. ಇಲ್ಲಿ ಮದ್ದಿಗಿಂತ ಅದನ್ನು ಹಚ್ಚುವ ಹೊತ್ತು ನಿರ್ಣಾಯಕ. ಹೊತ್ತು ದಾಖಲಾಗದ ಸಂಗ್ರಹದಲ್ಲಿ ಉಪಯುಕ್ತ ಕ್ರಮವೂ ಅಪಾಯಕಾರಿ ಕ್ರಮವೂ ಒಂದೇ ವಾಕ್ಯವಾಗಿ ಕಾಣಿಸುತ್ತವೆ.

‘ನಂಜು’ ಎಂಬ ಜನಪದ ಪರಿಕಲ್ಪನೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕಬ್ಬಿಣ ಚುಚ್ಚಿದರೆ ನಂಜಾಗುತ್ತದೆ, ನಂಜು ಏರಿದರೆ ಜೀವ ಉಳಿಯುವುದಿಲ್ಲ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತ್ಯಂತ ಸುಲಭವಾಗಿ ತುತ್ತಾಗುವುದು ಕುದುರೆ. ಗೊರಸಿನ ಚುಚ್ಚುಗಾಯ ಆ ರೋಗಕ್ಕೆ ಮುಖ್ಯ ಹೆಬ್ಬಾಗಿಲು. ಚಿಕ್ಕ ಗಾಯ ದೊಡ್ಡ ಮರಣಕ್ಕೆ ಕಾರಣವಾಗಬಲ್ಲದೆಂಬ ಅನುಭವವನ್ನು ನಂಜಿನ ಪರಿಕಲ್ಪನೆ ಸರಿಯಾಗಿಯೇ ಹಿಡಿದಿಟ್ಟಿದೆ. ಕಾರಣದ ವಿಷಯದಲ್ಲಿ ಮಾತ್ರ ಅದು ತಪ್ಪುತ್ತದೆ. ದೋಷ ಕಬ್ಬಿಣದ್ದಲ್ಲ, ತುಕ್ಕಿನದೂ ಅಲ್ಲ. ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುವ ರೋಗಾಣುವಿನ ಬೀಜಕಣಗಳು ಗಾಳಿಯಾಡದ ಆಳವಾದ ಗಾಯದಲ್ಲಿ ಬೆಳೆದು ವಿಷ ಹುಟ್ಟಿಸುತ್ತವೆ. ಆದ್ದರಿಂದ ಮುಳ್ಳು ಚುಚ್ಚಿದರೂ ಅಪಾಯ ಅಷ್ಟೇ ಇದೆ. ನಂಜು ಇಳಿಸುವ ಮಂತ್ರವಾಗಲಿ ಸೊಪ್ಪಾಗಲಿ ಈ ವಿಷವನ್ನು ತಡೆಯಲಾರದು. ಮುಂಚಿತವಾಗಿ ಹಾಕಿಸಿದ ಲಸಿಕೆ ಮಾತ್ರ ಭರವಸೆಯ ರಕ್ಷಣೆ. ಜನಪದ ಪರಿಕಲ್ಪನೆಯ ಸತ್ಯಾಂಶವನ್ನೂ ಅದರ ಮಿತಿಯನ್ನೂ ಒಟ್ಟಿಗೆ ಹೇಳುವುದು ವಿಮರ್ಶೆಯ ಕೆಲಸ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಜನಪದರಿಗೂ ಗೌರವವಲ್ಲ, ಪ್ರಾಣಿಗೂ ಹಿತವಲ್ಲ.

ದಾಖಲಾತಿ ಹೇಗಿರಬೇಕು?

ಮೈಸೂರು, ವಿಜಯಪುರಗಳಂತಹ ಊರುಗಳಲ್ಲಿ ಟಾಂಗಾಗಳು ಮುಖ್ಯವಾಗಿ ಪ್ರವಾಸಿಗರನ್ನು ಆಶ್ರಯಿಸಿ ಉಳಿದಿವೆ. ಉತ್ತರ ಕರ್ನಾಟಕದ ಅಲೆಮಾರಿ ಕುರುಬರು ಬಿಡಾರದ ಸಾಮಾನು ಹೊರಲು ಈಗಲೂ ಚಿಕ್ಕ ಕುದುರೆಗಳನ್ನು ಬಳಸುತ್ತಾರೆ. ಕಲ್ಲುನೆಲದ ಮೇಲೂ, ಮಳೆಗಾಲದ ಎರೆಮಣ್ಣಿನ ಕೆಸರಿನಲ್ಲೂ ನಡೆಯುವ ಆ ಕುದುರೆಗಳ ಗೊರಸಿನ ಆರೈಕೆ ಸ್ವತಂತ್ರ ಅಧ್ಯಯನಕ್ಕೆ ತಕ್ಕ ವಿಷಯ. ಟಾಂಗಾ ಕಡಿಮೆಯಾದಂತೆ, ಎತ್ತಿನ ಗಾಡಿಯ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಂತೆ ನಾಲಬಂದರ ಕೆಲಸ ಕುಗ್ಗಿದೆ. ಕೆಲಸ ನಿಂತ ಕಡೆ ಕೈಯ ವಿದ್ಯೆ ಒಂದು ತಲೆಮಾರಿನಲ್ಲಿ ಮರೆಯಾಗುತ್ತದೆ. ಸೊಪ್ಪಿನ ಹೆಸರುಗಳು ಪುಸ್ತಕದಲ್ಲಿ ಉಳಿಯಬಲ್ಲವು. ಸುತ್ತಿಗೆಯ ಸದ್ದಿನ ಭೇದ ಪುಸ್ತಕದಲ್ಲಿ ಉಳಿಯುವುದಿಲ್ಲ.

ಆದುದರಿಂದ ಗೊರಸಿನ ವೈದ್ಯವನ್ನು ದಾಖಲಿಸುವಾಗ ಕೆಲವು ಅಂಶಗಳು ಕಡ್ಡಾಯವಾಗಬೇಕು. ಪ್ರಾಣಿ ಯಾವುದು, ಯಾವ ಕಾಲು, ಗೊರಸಿನ ಯಾವ ಭಾಗ ಎಂಬುದನ್ನು ರೇಖಾಚಿತ್ರದಲ್ಲಿ ಗುರುತಿಸಬೇಕು. ಬೇನೆಯ ಹೆಸರಿನ ಜೊತೆಗೆ ಅದನ್ನು ಗುರುತಿಸಿದ ಬಗೆಯನ್ನೂ ಬರೆಯಬೇಕು. ಮದ್ದಿನ ಪ್ರಮಾಣ, ಹಚ್ಚಿದ ಹೊತ್ತು, ಎಷ್ಟು ದಿನ, ಮುಂದೇನಾಯಿತು ಎಂಬ ವಿವರಗಳಿರಬೇಕು. ವಿಫಲವಾದ ಪ್ರಸಂಗಗಳನ್ನು ಬಿಡದೆ ಸೇರಿಸಬೇಕು. ಕೈಕೆಲಸವನ್ನು ಚಲನಚಿತ್ರವಾಗಿ, ಸದ್ದಿನ ಸಹಿತ, ದಾಖಲಿಸಬೇಕು. ಸಾಧ್ಯವಿದ್ದೆಡೆ ಪಶುವೈದ್ಯರೊಬ್ಬರು ಜೊತೆಗಿದ್ದು ಬೇನೆಯನ್ನು ಸ್ವತಂತ್ರವಾಗಿ ಗುರುತಿಸಬೇಕು. ಹಳೆಯ ಅಶ್ವಶಾಸ್ತ್ರಗಳ ಸಂಪಾದಕರು ಚಿಕಿತ್ಸಾಭಾಗದ ಪದಗಳನ್ನು ಅರ್ಥೈಸುವಾಗ ನಿಘಂಟಿನ ಜೊತೆಗೆ ಲಾಳದ ಅಂಗಡಿಯನ್ನೂ ಆಕರವಾಗಿ ಪರಿಗಣಿಸಬೇಕು.

ಉಪಸಂಹಾರ

ಗೊರಸಿನ ಬೇನೆ ಅಶ್ವವೈದ್ಯದ ಒಂದು ಸಣ್ಣ ಪ್ರಕರಣದಂತೆ ಕಂಡರೂ ಜನಪದ ವೈದ್ಯದ ಅಧ್ಯಯನವಿಧಾನವನ್ನು ಅದು ಸಮಗ್ರವಾಗಿ ಪರೀಕ್ಷೆಗೆ ಒಡ್ಡುತ್ತದೆ. ಲಕ್ಷಣಕ್ಕೆ ಒತ್ತು ಕೊಟ್ಟ ಶಾಸ್ತ್ರ, ಮದ್ದಿಗೆ ಒತ್ತು ಕೊಟ್ಟ ಸಂಗ್ರಹ ಇವೆರಡರ ನಡುವೆ ಪರೀಕ್ಷಿಸುವ ಕೈ ಕಾಣೆಯಾಗಿದೆ. ಆ ಕೈಯನ್ನು ಅಧ್ಯಯನದ ಕೇಂದ್ರಕ್ಕೆ ತಂದಾಗ ಮಾತ್ರ ಯಾವ ಮದ್ದು ಉಳಿಯತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬ ವಿವೇಕ ಸಾಧ್ಯವಾಗುತ್ತದೆ.

ಪ್ರಕಟವಾದ ಸಂಗ್ರಹ ಗ್ರಂಥಾಲಯದಲ್ಲಿಯೇ ಉಳಿಯುವುದಿಲ್ಲ. ಕುದುರೆ ಸಾಕುವವನೊಬ್ಬ ಅದನ್ನು ನಂಬಿ ಮದ್ದು ಹಚ್ಚಬಹುದು. ಚಿಕಿತ್ಸೆಯ ದೋಷದಿಂದ ವ್ಯಾಧಿ ಹೆಚ್ಚಿದರೆ ದಂಡ ತೆರಬೇಕೆಂದು ಅರ್ಥಶಾಸ್ತ್ರ ವೈದ್ಯನಿಗೆ ವಿಧಿಸಿತು. ಮದ್ದನ್ನು ಬರೆದಿಡುವವನಿಗೆ ಅಂಥ ದಂಡವಿಲ್ಲ. ಹೊಣೆ ಮಾತ್ರ ವೈದ್ಯನಿಗಿಂತ ಕಡಿಮೆಯದಲ್ಲ.